ಕೈತೋಟದಲ್ಲಿ ಕಲ್ಲುಬಾಳೆ: ಪುಣೆ, ಮುಂಬೈ, ಗೋವಾದಲ್ಲಿ ಬೆಳೆಸುವ ಬಗೆ

ಊರಿನ ಬಾಳೆಯನ್ನು ಸಾಕಿದಂತೆ ಕಲ್ಲುಬಾಳೆಯನ್ನು ಸಾಕಿದರೆ ಅದು ಉಳಿಯುವುದಿಲ್ಲ. ಪಶ್ಚಿಮ ಘಟ್ಟದ ಬಂಡೆಗಳ ಸಂದಿನಲ್ಲಿ ಬೆಳೆಯುವ ಈ ಗಿಡ (ಎನ್ಸೆಟೆ ಸುಪರ್ಬಮ್) ಕಂದು ಹಾಕುವುದಿಲ್ಲ, ಬೀಜದಿಂದಷ್ಟೇ ಹುಟ್ಟುತ್ತದೆ. ಮಳೆ ಮುಗಿದರೆ ಎಲೆ ಉದುರಿಸಿ ಮಲಗುತ್ತದೆ.

ಮರಾಠಿಯಲ್ಲಿ ಇದು ‘ರಾನಕೇಳ’. ನರ್ಸರಿಯಲ್ಲಿ ಕೊಳ್ಳುವಾಗ ಹೆಸರಿಗಿಂತ ಬುಡ ನೋಡಿ. ಬೆಳೆದ ಗಿಡದ ಬುಡ ಗಡಿಗೆಯಂತೆ ಉಬ್ಬಿರುತ್ತದೆ. ಸುತ್ತ ಕಂದುಗಳಿದ್ದರೆ ಅದು ಬೇರೆ ಕಾಡುಬಾಳೆ, ಇಲ್ಲವೇ ಹೆಲಿಕೋನಿಯಾ ಎಂಬ ಅಲಂಕಾರದ ಗಿಡ. ಘಟ್ಟದಿಂದ ಮಾತ್ರ ಕಿತ್ತು ತರಬೇಡಿ. ಹಣ್ಣಾಗುವ ಮೊದಲೇ ಕಿತ್ತರೆ ಆ ಗಿಡದ ಸಂತತಿ ಅಲ್ಲಿಗೇ ಮುಗಿಯಿತು.

ಬೀಜ ಹೊಸದಾದಷ್ಟೂ ಒಳ್ಳೆಯದು. ತಿರುಳು ಉಳಿಯದಂತೆ ತೊಳೆದು ನೀರಿಗೆ ಹಾಕಿ, ತೇಲಿದ್ದನ್ನು ಬಿಸಾಡಿ. ಸಿಪ್ಪೆ ಬಹಳ ಗಟ್ಟಿ. ಮರಳು ಕಾಗದದಿಂದ ಒಂದು ಬದಿ ಸ್ವಲ್ಪ ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ 48 ಗಂಟೆ ನೆನೆಸಿ, ನಡುವೆ ನೀರು ಬದಲಿಸಿ. ಏಪ್ರಿಲ್‌ನಲ್ಲಿ ಮರಳು, ಎಲೆಗೊಬ್ಬರ ಸಮಪಾಲು ಬೆರೆಸಿ 2 ಸೆಂ.ಮೀ. ಆಳಕ್ಕೆ ಬಿತ್ತಿ. ಮೊಳಕೆ ಒಂದೇ ಸಲಕ್ಕೆ ಬರುವುದಿಲ್ಲ. ಒಂದು ತಿಂಗಳಿಗೆ ಒಂದು ಬಂದರೆ ಇನ್ನೊಂದು ಹಲವು ತಿಂಗಳು ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ಮಣ್ಣು ತೇವವಿರಲಿ, ಕುಂಡ ಖಾಲಿ ಮಾಡಬೇಡಿ.

ನಾಲ್ಕು ಎಲೆ ಬಂದ ಸಸಿಯನ್ನು ಮಳೆ ಹಿಡಿದ ಮೇಲೆ ನೆಡಿ. 60 ಸೆಂ.ಮೀ. ಆಳ-ಅಗಲದ ಗುಂಡಿ ಸಾಕು, ಸುತ್ತ 2 ಮೀಟರ್ ಜಾಗ ಬೇಕು. ಪುಣೆಯ ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಮೂರನೇ ಒಂದು ಪಾಲು ಜಲ್ಲಿ, ದಪ್ಪ ಮರಳು ಸೇರಿಸಿ, ದಿಬ್ಬ ಮಾಡಿ ನೆಡಿ. ಗೋವಾದ ಜಂಬಿಟ್ಟಿಗೆ ಇಳಿಜಾರು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮುಂಬೈ ಟೆರೇಸಿನಲ್ಲಾದರೆ ಅರ್ಧ ಮೀಟರ್‌ಗೂ ಹೆಚ್ಚು ಅಗಲದ ಕುಂಡ, ತಳದಲ್ಲಿ ದೊಡ್ಡ ತೂತುಗಳು, ಗಾಳಿಗೆ ಮರೆ. ಇಲ್ಲದಿದ್ದರೆ ಎಲೆ ಚಿಂದಿಯಾಗುತ್ತದೆ.

ಗೊಬ್ಬರ ಮಳೆಗಾಲದಲ್ಲಿ ಮಾತ್ರ: ಜೂನ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಎರಡೆರಡು ಬೊಗಸೆ ಕಳಿತ ಸಗಣಿ ಗೊಬ್ಬರ. ಪುಣೆಯಲ್ಲಿ ಮಳೆ ಒಂದು ವಾರ ಕೈಕೊಟ್ಟರೆ ನೀರುಣಿಸಿ. ಎಳೆ ಸುಳಿಗೆ ಬಸವನಹುಳುಗಳ ಕಾಟ ಹೆಚ್ಚು. ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ. ಉಪ್ಪು ಎರಚಿದರೆ ಮಣ್ಣೇ ಹಾಳು.

ಗಿಡ ಹೆಚ್ಚಾಗಿ ಸಾಯುವುದು ಮಳೆಗಾಲ ಕಳೆದ ಮೇಲೆ. ಎಲೆ ಹಳದಿಯಾಯಿತೆಂದು ಗಾಬರಿಯಾಗಿ ನೀರು ಹಾಕುತ್ತಾರೆ, ಗಡ್ಡೆ ಕೊಳೆಯುತ್ತದೆ. ಬೆಳೆದ ಗಿಡಕ್ಕೆ ಎಲೆ ಒಣಗತೊಡಗಿದೊಡನೆ ನೀರು ನಿಲ್ಲಿಸಿ. ಒಂದು ವರ್ಷದೊಳಗಿನ ಸಸಿಗಾದರೆ ಹದಿನೈದು ದಿನಕ್ಕೊಮ್ಮೆ ಒಂದು ಲೋಟ ಸಾಕು. ಒಣಗಿದ ಎಲೆಯನ್ನಷ್ಟೇ ಕತ್ತರಿಸಿ, ಬುಡ ಒತ್ತಿ ನೋಡಿ: ಗಟ್ಟಿಯಿದ್ದರೆ ಜೀವವಿದೆ. ಮೆತ್ತಗಾಗಿ ವಾಸನೆ ಬಂದರೆ ಕೊಳೆತ ಭಾಗವನ್ನು ಕೆತ್ತಿ ತೆಗೆದು, ಬೂದಿ ಸವರಿ, ನೆರಳಿನಲ್ಲಿ ಆರಲು ಬಿಡಿ. ಜೂನ್ ಮಳೆಗೆ ಹೊಸ ಸುಳಿ ಬರುತ್ತದೆ.

ಹೂ ಬಿಡಲು ಹಲವು ವರ್ಷ ಬೇಕು. ಗೊನೆ ಹಣ್ಣಾದ ಮೇಲೆ ಗಿಡ ಸಾಯುತ್ತದೆ, ಅದು ರೋಗವಲ್ಲ. ಹೂವಿನಿಂದ, ದಿಂಡಿನಿಂದ ಪಲ್ಯ ಮಾಡುವವರಿದ್ದಾರೆ, ಆದರೆ ಇರುವುದೊಂದೇ ಗಿಡವಾದರೆ ಹೂ ಮುಟ್ಟಬೇಡಿ. ಕಾಯಿ ಬಣ್ಣ ತಿರುಗಿ ಮೆತ್ತಗಾದಾಗ ಬೀಜ ತೆಗೆದು ಕೂಡಲೇ ಬಿತ್ತಿ, ಮಿಕ್ಕಿದ್ದನ್ನು ತೋಟವಿರುವ ನೆರೆಯವರಿಗೆ ಹಂಚಿ.