ನಿಂತುಹೋದ ಗೇಮ್ ಸರಣಿಗೆ ಮರುಜೀವ ಕೊಡುವುದು ಹೇಗೆ: ‘ಡೂಮ್’ ತೋರಿಸಿದ ದಾರಿ

ಹೆಸರು ಮಾತ್ರ ಉಳಿದಿರುವ ಹಳೆಯ ಗೇಮ್ ಸರಣಿಯೊಂದನ್ನು ಮತ್ತೆ ಕಟ್ಟಲು ಹೊರಟವರು ಕೋಡ್ ಬರೆಯುವುದಕ್ಕೂ ಕಥೆ ಹೊಸೆಯುವುದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಹಳೆಯ ಆಟದಲ್ಲಿ ಆಟಗಾರನ ಕೈ ಮತ್ತು ಕಣ್ಣು ಕ್ಷಣಕ್ಷಣಕ್ಕೂ ಏನು ಮಾಡುತ್ತಿದ್ದವು ಎಂಬುದನ್ನು ಒಂದೇ ಪುಟದಲ್ಲಿ ಬರೆದಿಟ್ಟುಕೊಳ್ಳಬೇಕು. 1993ರ ಡಿಸೆಂಬರ್‌ನಲ್ಲಿ ಗೇಮ್ ತಯಾರಿಕಾ ಸಂಸ್ಥೆ ಐಡಿ ಸಾಫ್ಟ್‌ವೇರ್ ಹೊರತಂದ ‘ಡೂಮ್’ ಎಂಬ ಶೂಟರ್ ಅನ್ನು, ಅಂದರೆ ರಾಕ್ಷಸರನ್ನು ಗುಂಡಿಕ್ಕಿ ಕೊಲ್ಲುವ ಆಟವನ್ನು, ಹೀಗೆ ಬಿಡಿಸಿ ನೋಡಿದರೆ, ಆಟಗಾರ ಸದಾ ಓಡುತ್ತಿರುತ್ತಾನೆ, ಬಂದೂಕನ್ನು ರೀಲೋಡ್ ಮಾಡುವ (ಮತ್ತೆ ಗುಂಡು ತುಂಬುವ) ಗೊಡವೆ ಅವನಿಗಿಲ್ಲ, ಎದುರಿನಿಂದ ಬರುವ ಬೆಂಕಿಯುಂಡೆಗಳನ್ನು ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುತ್ತಾನೆ, ಯಾವ ರಾಕ್ಷಸನಿಗೆ ಯಾವ ಆಯುಧ ಎಂದು ಓಟದ ನಡುವೆಯೇ ನಿರ್ಧರಿಸುತ್ತಾನೆ. ಮಂಗಳ ಗ್ರಹ, ನರಕ, ರಕ್ತ ಇವೆಲ್ಲ ವೇಷಭೂಷಣಗಳು. ಅವು ಆ ಪುಟಕ್ಕೆ ಸೇರಬಾರದು.

ಈ ಪುಟವಿಲ್ಲದೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅದೇ ಸರಣಿ ಸಾಕ್ಷಿ. 2004ರ ಮೂರನೆಯ ಆಟ ಕತ್ತಲೆ ಮತ್ತು ಭಯದ ಕಡೆಗೆ ವಾಲಿತ್ತು. ನಾಲ್ಕನೆಯ ಆಟ 2008ರಲ್ಲಿ ಘೋಷಣೆಯಾಯಿತು. ನರಕದ ದಾಳಿಗೆ ತುತ್ತಾದ ಭೂಮಿಯ ಮೇಲೆ ನಡೆಯುವ ಆ ಆಟ, ಮೊದಲೇ ಹೆಣೆದಿಟ್ಟ ಸಿನಿಮೀಯ ದೃಶ್ಯಗಳನ್ನು ನೆಚ್ಚಿಕೊಂಡು ಬೆಳೆಯುತ್ತ ಹೋಗಿ, ‘ಕಾಲ್ ಆಫ್ ಡ್ಯೂಟಿ’ಯಂಥ ಆ ಕಾಲದ ಜನಪ್ರಿಯ ಯುದ್ಧದ ಶೂಟರ್‌ಗಳನ್ನು ಎಷ್ಟು ಹೋಲತೊಡಗಿತೆಂದರೆ ಅದಕ್ಕೆ ‘ಕಾಲ್ ಆಫ್ ಡೂಮ್’ ಎಂಬ ಅಡ್ಡಹೆಸರೇ ಬಿದ್ದಿತು. 2011ರ ಹೊತ್ತಿಗೆ ತಂಡ ಅದನ್ನು ಬದಿಗಿಟ್ಟು ಮೊದಲಿನಿಂದ ಆರಂಭಿಸಿತು. ಹೊರಗಿನವರಿಗೆ ಈ ವಿಷಯ ತಿಳಿದದ್ದು 2013ರಲ್ಲಿ. ಸ್ಥಾಪಕರಲ್ಲೊಬ್ಬರಾದ ಜಾನ್ ಕಾರ್ಮಾಕ್ ಸಂಸ್ಥೆಯನ್ನು ಬಿಟ್ಟು ವರ್ಚುವಲ್ ರಿಯಾಲಿಟಿ ಸಂಸ್ಥೆ ಆಕ್ಯುಲಸ್‌ಗೆ ಹೋದದ್ದೂ ಅದೇ ವರ್ಷ.

ಆದ್ದರಿಂದ ಕೆಲಸ ಅರ್ಧ ಮುಗಿಯುವ ಮೊದಲೇ ಒಂದು ಪರೀಕ್ಷೆ ನಡೆಸಬೇಕು. ಹಳೆಯ ಆಟವನ್ನು ಚೆನ್ನಾಗಿ ಬಲ್ಲವರ ಮುಂದೆ ಹೆಸರು, ಲಾಂಛನ ಮತ್ತು ಪರಿಚಿತ ರಾಕ್ಷಸರನ್ನು ಮರೆಮಾಡಿದ ಮಾದರಿಯೊಂದನ್ನು ಇಟ್ಟು, ಇದು ಯಾವ ಸರಣಿಯದು ಎಂದು ಕೇಳಬೇಕು. ಅವರು ಬೇರೆ ಸರಣಿಯ ಹೆಸರನ್ನು ಹೇಳಿದರೆ ತಿದ್ದುಪಡಿಯಿಂದ ಪ್ರಯೋಜನವಿಲ್ಲ; ಎಷ್ಟೇ ಚೆಂದವಾಗಿ ಮಾಡಿದ ಕೆಲಸವಾದರೂ ಅದನ್ನು ಕೈಬಿಡಬೇಕು. ಖರ್ಚಾದ ಹಣದ ಲೆಕ್ಕವನ್ನು ಈ ತೀರ್ಮಾನದೊಳಗೆ ತರುವ ಮೇಲಧಿಕಾರಿಗಳು ಎಲ್ಲ ಕಡೆಯೂ ಇರುತ್ತಾರೆ, ಆದರೆ ಆ ಹಣ ಹೇಗೂ ಹಿಂದಿರುಗುವುದಿಲ್ಲ.

ಮರು ಆರಂಭದಲ್ಲಿ ಇಡೀ ಆಟವನ್ನು ಕಲ್ಪಿಸಿಕೊಳ್ಳದೆ ಒಂದೇ ಒಂದು ಕೋಣೆಯನ್ನು ಕಟ್ಟಿ, ಅಲ್ಲಿನ ಕಾಳಗ ಕಥೆಯ ನೆರವಿಲ್ಲದೆ ರುಚಿಸುವವರೆಗೆ ಅಲ್ಲಿಂದ ಕದಲಬಾರದು. ಇಲ್ಲಿ ನಿಯಮಗಳೇ ಮುಖ್ಯ. ಆಟಗಾರ ಮುನ್ನುಗ್ಗಬೇಕೆಂಬುದು ನಿಮ್ಮ ಬಯಕೆಯಾದರೆ ಅದನ್ನು ಅವನಿಗೆ ಉಪದೇಶಿಸಿ ಫಲವಿಲ್ಲ. ಹಿಂದೆ ಸರಿದವನಿಗೆ ನಷ್ಟವಾಗುವಂತೆ ನಿಯಮವನ್ನೇ ಬರೆಯಬೇಕು. ಆ ಹೊತ್ತಿನ ಬಹುಪಾಲು ಶೂಟರ್‌ಗಳಲ್ಲಿ ಗಾಯಗೊಂಡವನು ಗೋಡೆಯ ಮರೆಯಲ್ಲಿ ಕುಳಿತರೆ ಪ್ರಾಣಶಕ್ತಿ ತಾನಾಗಿಯೇ ತುಂಬಿಕೊಳ್ಳುತ್ತಿತ್ತು. ಹೀಗೆ ಮೊದಲಿನಿಂದ ಕಟ್ಟಿ 2016ರಲ್ಲಿ ಹೊರತಂದ ‘ಡೂಮ್’ ಇದನ್ನು ತಲೆಕೆಳಗು ಮಾಡಿತು. ಸಾಕಷ್ಟು ಪೆಟ್ಟು ತಿಂದ ರಾಕ್ಷಸ ತತ್ತರಿಸಿ ಮಿನುಗತೊಡಗುತ್ತಾನೆ. ಹತ್ತಿರ ಹೋಗಿ ಬರಿಗೈಯಲ್ಲಿ ಅವನನ್ನು ಮುಗಿಸಿದರೆ ಪ್ರಾಣಶಕ್ತಿ ಸಿಗುತ್ತದೆ. ಗರಗಸದಿಂದ ಸೀಳಿದರೆ ಗುಂಡುಗಳು ಉದುರುತ್ತವೆ, ಆದರೆ ಗರಗಸದ ಇಂಧನಕ್ಕೆ ಮಿತಿಯಿದೆ. ಹೀಗಾಗಿ ಸಾವಿನ ಅಂಚಿನಲ್ಲಿರುವ ಆಟಗಾರ ಶತ್ರುವಿನಿಂದ ದೂರ ಓಡುವ ಬದಲು ಅವನತ್ತಲೇ ಓಡುತ್ತಾನೆ. ಹಳೆಯ ಆಟದಲ್ಲಿ ಈ ನಿಯಮ ಇರಲೇ ಇಲ್ಲ ಎಂಬುದನ್ನು ಗಮನಿಸಬೇಕು. ಹಳೆಯ ಓಟವನ್ನು ಉಳಿಸಲೆಂದೇ ಹೊಸದಾಗಿ ಹುಟ್ಟಿದ ನಿಯಮವಿದು. ಹಳೆಯದನ್ನು ನಕಲು ಮಾಡುವುದು ಇದಕ್ಕಿಂತ ಸುಲಭ, ಆದರೆ ಇಪ್ಪತ್ತು ವರ್ಷಗಳಲ್ಲಿ ಆಟಗಾರರ ಅಭ್ಯಾಸಗಳು ಬದಲಾಗಿರುವುದರಿಂದ ನಕಲಿಗೆ ಹಳೆಯ ಪರಿಣಾಮ ಬರುವುದಿಲ್ಲ.

ಶತ್ರುಗಳನ್ನು ಆರಿಸುವಾಗ ರೂಪಕ್ಕಿಂತ ಕೆಲಸಕ್ಕೆ ಬೆಲೆ ಕೊಡಬೇಕು. 2016ರ ಆಟದ ಮೂರು ರಾಕ್ಷಸರನ್ನು ನೋಡಿ. ಇಂಪ್ ಗೋಡೆ ಹತ್ತಿ ಬೆಂಕಿ ಎಸೆಯುತ್ತದೆ. ಪಿಂಕಿಯ ಮುಂಭಾಗಕ್ಕೆ ಕವಚವಿರುವುದರಿಂದ ಅದು ನುಗ್ಗಿ ಬಂದಾಗ ಪಕ್ಕಕ್ಕೆ ಸರಿದು ಬೆನ್ನಿಗೆ ಹೊಡೆಯಬೇಕು. ರೆವೆನಂಟ್ ಮೇಲೆ ಹಾರಿ ಕ್ಷಿಪಣಿ ಬಿಡುತ್ತದೆ. ಈ ಮೂವರೂ ಒಂದೇ ಕೋಣೆಗೆ ಬಂದರೆ ಆಟಗಾರನಿಗೆ ನಿಂತಲ್ಲಿ ನಿಲ್ಲುವ ಅವಕಾಶವೇ ಇರುವುದಿಲ್ಲ.

ಕಥೆ ಮತ್ತು ಸಂಗೀತ ಇದೇ ನಡಿಗೆಗೆ ಹೊಂದಿಕೊಳ್ಳಬೇಕು. 2016ರ ಆಟದ ಆರಂಭದಲ್ಲೇ ಪರದೆಯ ಮೂಲಕ ವಿವರಣೆ ಕೊಡಲು ಬಂದ ದನಿಯನ್ನು ಕೇಳದೆ ನಾಯಕ ಆ ಪರದೆಯನ್ನೇ ತಳ್ಳಿಬಿಡುತ್ತಾನೆ. ಪುಟಗಟ್ಟಲೆ ಸಂಭಾಷಣೆಗಿಂತ ಆ ತಳ್ಳುವಿಕೆಯಲ್ಲಿ ಹೆಚ್ಚು ಪಾತ್ರಚಿತ್ರಣವಿದೆ. ಸಂಗೀತ ನಿರ್ದೇಶಕ ಮಿಕ್ ಗಾರ್ಡನ್ ಅವರಿಗೆ ಮೊದಲು ಗಿಟಾರ್ ಬಳಸಬಾರದೆಂಬ ಸೂಚನೆಯಿತ್ತು, ಹಾಗಾಗಿ ಅವರು ವಿದ್ಯುನ್ಮಾನ ವಾದ್ಯವಾದ ಸಿಂಥಸೈಜರ್‌ನ ಧ್ವನಿಯನ್ನು ವಿರೂಪಗೊಳಿಸಿ ಹೊಸ ಬಗೆಯ ಗಡಸುತನವನ್ನು ಕಂಡುಕೊಂಡ ಮೇಲಷ್ಟೇ ಗಿಟಾರ್ ಒಳಗೆ ಬಂದಿತು. ಸುಲಭದ ದಾರಿಯನ್ನು ಮೊದಲಿಗೆ ಮುಚ್ಚಿಡುವ ಈ ಉಪಾಯವನ್ನು ಬೇರೆ ವಿಭಾಗಗಳಲ್ಲೂ ಬಳಸಬಹುದು. ಆಟವನ್ನು ನಡೆಸುವ ತಂತ್ರಾಂಶವಾದ ಎಂಜಿನ್ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟೇ: ವೇಗದ ಆಟಕ್ಕೆ ಸೆಕೆಂಡಿಗೆ 60 ಚಿತ್ರಗಳನ್ನು, ಅಂದರೆ ಫ್ರೇಮ್‌ಗಳನ್ನು ಮೊದಲ ದಿನವೇ ಗುರಿಯಾಗಿಟ್ಟು, ಚಿತ್ರದ ಸೊಗಸನ್ನು ಅದರೊಳಗೆ ಹೊಂದಿಸಬೇಕು.

ಆಟವನ್ನು ಜಗತ್ತಿಗೆ ತೋರಿಸುವ ಕ್ರಮದಲ್ಲಿ ಮಾತ್ರ ‘ಡೂಮ್’ ಅನ್ನು ಪೂರ್ತಿ ಅನುಸರಿಸಬಾರದು. ಆ ಸಂಸ್ಥೆಯ ಆಟಗಳ ವಾರ್ಷಿಕ ಅಭಿಮಾನಿ ಸಮ್ಮೇಳನವಾದ 2014ರ ಕ್ವೇಕ್‌ಕಾನ್‌ನಲ್ಲಿ ನೆರೆದಿದ್ದ ಅಭಿಮಾನಿಗಳಿಗಷ್ಟೇ ತೋರಿಸಿ, 2015ರ ಇ3 ಎಂಬ ದೊಡ್ಡ ಗೇಮ್ ಪ್ರದರ್ಶನದಲ್ಲಿ ಎಲ್ಲರಿಗೂ ತೋರಿಸಿದ್ದು ಒಳ್ಳೆಯ ನಡೆ. ಆದರೆ 2016ರ ಏಪ್ರಿಲ್‌ನಲ್ಲಿ ಸಾರ್ವಜನಿಕರ ಕೈಗೆ ಕೊಟ್ಟ ಬೀಟಾದಲ್ಲಿ (ಬಿಡುಗಡೆಗೆ ಮುಂಚಿನ ಪ್ರಾಯೋಗಿಕ ಆವೃತ್ತಿಯಲ್ಲಿ) ಇದ್ದದ್ದು ಹಲವರು ಕೂಡಿ ಆಡುವ ಮಲ್ಟಿಪ್ಲೇಯರ್ ಭಾಗ ಮಾತ್ರ, ಅಂದರೆ ಆಟದ ಅತ್ಯಂತ ದುರ್ಬಲ ಅಂಗ. ಅದಕ್ಕೆ ಕಟು ಪ್ರತಿಕ್ರಿಯೆ ಬಂದಿತು. ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಪ್ರತಿಗಳು ಸಿಗದಿದ್ದುದರಿಂದ ಅನುಮಾನ ಇನ್ನಷ್ಟು ಬೆಳೆಯಿತು. ಮೇ 13ರಂದು ಆಟ ಹೊರಬಂದು, ಒಬ್ಬರೇ ಆಡುವ ಭಾಗವನ್ನು ಜನ ಮೆಚ್ಚಿದ ಮೇಲೆಯೇ ಆ ಅನುಮಾನ ಕರಗಿದ್ದು. ನಿಮ್ಮ ಆಟದ ಯಾವ ಭಾಗ ಗಟ್ಟಿಯೋ ಅದನ್ನೇ ಮೊದಲು ಆಡಲು ಕೊಡಿ.

ಬಿಡುಗಡೆಯ ನಂತರವೂ ದುರ್ಬಲ ಭಾಗವನ್ನು ಹಾಗೆಯೇ ಬಿಡಬಾರದು. ಹಣ ಕೊಟ್ಟು ಕೊಳ್ಳಬೇಕಾದ ಹೆಚ್ಚುವರಿ ನಕ್ಷೆಗಳು, ಅಂದರೆ ಆಟ ನಡೆಯುವ ತಾಣಗಳು, ಮಲ್ಟಿಪ್ಲೇಯರ್ ಆಟಗಾರರನ್ನು ಗುಂಪುಗಳಾಗಿ ಒಡೆಯುತ್ತವೆ. 2017ರ ಜುಲೈನಲ್ಲಿ ‘ಡೂಮ್’ಗೆ ಬಂದ ಅಪ್‌ಡೇಟ್, ಸರಣಿಗೆ ತಕ್ಕಂತೆ ಸೈತಾನನ ಸಂಖ್ಯೆ 666 ಅನ್ನು ನೆನಪಿಸುವ 6.66 ಎಂಬ ಸಂಖ್ಯೆಯನ್ನೇ ಹೊತ್ತು, ಅಂಥ ಹೆಚ್ಚುವರಿ ಭಾಗಗಳೆಲ್ಲವನ್ನೂ ಆಟವಿದ್ದವರೆಲ್ಲರಿಗೂ ಉಚಿತವಾಗಿ ತೆರೆದು, ಮೇಲೇರುವ ಹಂತಗಳ ವ್ಯವಸ್ಥೆಯನ್ನೂ ಬದಲಿಸಿತು. ಇಂಥ ತಿದ್ದುಪಡಿಗೆ ಬೇಕಾಗುವ ಜನರನ್ನೂ ಸಮಯವನ್ನೂ ಬಿಡುಗಡೆಯ ಯೋಜನೆಯಲ್ಲೇ ತೆಗೆದಿರಿಸಬೇಕು.