ಎರಡನೇ ಶನಿವಾರದ ಹಿಂದಿನ ರಾತ್ರಿ

ನನ್ನದು ಬ್ಯಾಂಕ್ ಕೆಲಸ, ಮನೆಯಲ್ಲಿ ನಾಲ್ಕು ವರ್ಷದ ಮಗಳು. ದಿನಕ್ಕೆ ಇಪ್ಪತ್ತು ನಿಮಿಷ ಬಿಡುವು ಸಿಕ್ಕರೆ ಹೆಚ್ಚು. ಆದರೆ ಹಾರರ್ ಗೇಮನ್ನು, ಅಂದರೆ ಹೆದರಿಸುವ ವಿಡಿಯೋ ಗೇಮನ್ನು, ಆ ಇಪ್ಪತ್ತು ನಿಮಿಷಗಳಿಗೆ ತುಂಡು ಮಾಡಬೇಡಿ. ಹೆಪ್ಪು ಹಾಕಿದ ಹಾಲನ್ನು ಗಂಟೆಗೊಮ್ಮೆ ಅಲ್ಲಾಡಿಸಿದರೆ ಮೊಸರಾಗುತ್ತದೆಯೇ? ಭಯವೂ ಹಾಗೆಯೇ, ಕದಲಿಸದೆ ಬಿಟ್ಟರೇ ಕೂರುವುದು.

ಎರಡನೇ, ನಾಲ್ಕನೇ ಶನಿವಾರ ನಮಗೆ ರಜೆ. ಅದರ ಹಿಂದಿನ ಶುಕ್ರವಾರ ರಾತ್ರಿಯನ್ನು ನಾನು ಎತ್ತಿಟ್ಟುಕೊಳ್ಳುತ್ತೇನೆ. ಮೊದಲ ಸಲಕ್ಕೆ 2022ರಲ್ಲಿ ಬಂದ, ಡೇವಿಡ್ ಶಿಮಾನ್ಸ್ಕಿ ಮಾಡಿದ 'ಐರನ್ ಲಂಗ್' ಆಡಿ. ಸುಮಾರು ಒಂದು ಗಂಟೆಯ ಆಟ. ರಕ್ತದ ಕಡಲಿನ ಆಳದಲ್ಲಿ ತುಕ್ಕು ಹಿಡಿದ ಪುಟ್ಟ ಜಲಾಂತರ್ಗಾಮಿ, ಒಳಗೆ ನೀವೊಬ್ಬರೇ. ಹೊರಗೆ ನೋಡಲು ಕಿಟಕಿಯಿಲ್ಲ. ನಕ್ಷೆ ನೋಡಿ, ಅಂಕಿಗಳನ್ನು ನಂಬಿ ಸಾಗಬೇಕು. ಹಿಂದಿನ ಗೋಡೆಯ ಬಟನ್ ಒತ್ತಿದರೆ ಹೊರಗಿನ ಫೋಟೋ ಒಂದು ಮಸುಕಾಗಿ, ನಿಧಾನವಾಗಿ ಮೂಡುತ್ತದೆ. ಆ ಕೆಲವು ಕ್ಷಣಗಳಲ್ಲಿ ಕುಕ್ಕರ್ ಕೂಗಿದರೆ ಇಡೀ ಆಟವೇ ಹೋದಂತೆ.

ಡೌನ್‌ಲೋಡ್ ಗುರುವಾರವೇ ಮುಗಿಸಿ. ಒಂದು ನಿಮಿಷ ತೆರೆದು ಬೆಳಕು, ಸದ್ದು, ಮೌಸ್ ವೇಗ ಹೊಂದಿಸಿ ಮುಚ್ಚಿಡಿ. ಒಮ್ಮೆ ಶುಕ್ರವಾರ ರಾತ್ರಿ ಹತ್ತಕ್ಕೆ ಕೂತರೆ ಲ್ಯಾಪ್‌ಟಾಪ್ ಅಪ್‌ಡೇಟಿಗೆ ಹೊರಟಿತು, ನನ್ನ ಒಂದು ತಿಂಗಳ ಕಾಯುವಿಕೆ ಅಲ್ಲಿಗೇ ಮುಗಿಯಿತು. ಆಟದ ಅವಧಿಯನ್ನು 'ಹೌ ಲಾಂಗ್ ಟು ಬೀಟ್' ತಾಣದಲ್ಲಿ ನೋಡಿ, ಅದರ ಮೇಲೆ ಅರ್ಧದಷ್ಟು ಸೇರಿಸಿಕೊಳ್ಳಿ. ಹೆದರಿದವರು ಬಾಗಿಲ ಮುಂದೆ ನಿಂತೇ ಇರುತ್ತಾರೆ, ಬೇಗ ನಡೆಯುವುದಿಲ್ಲ.

ಮನೆಯವರಿಗೂ ಹೇಳಿಡಬೇಕು. "ಮಗು ಎದ್ದರೆ ಹಿಂದಿನಿಂದ ಬಂದು ಭುಜ ಮುಟ್ಟಬೇಡಿ, ಎದುರಿಗೆ ಬಂದು ಕೈಯಾಡಿಸಿ" ಅಂತ ನಮ್ಮೆಜಮಾನರಿಗೆ ಹೇಳಿದ್ದೇನೆ. ಹೆಡ್‌ಫೋನ್ ಹಾಕಿಕೊಂಡವರಿಗೆ ಇದು ದೊಡ್ಡ ಉಪಕಾರ.

ಕಿಟ್ಟಿ ಹಾರರ್‌ಶೋ ಅವರ 'ಅನಾಟಮಿ' (2016) ಆಡುವುದಾದರೆ ಒಂದು ಮಾತು: ಆಟ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮುಗಿಯಿತೆಂದು ಮಲಗಬೇಡಿ, ಮತ್ತೆ ತೆರೆಯಿರಿ. ತೀರಾ ಸಮಯವಿಲ್ಲದ ವಾರಕ್ಕೆ 'ಸೆಪ್ಟೆಂಬರ್ 1999' ಎಂಬ ಆಟ ಇದೆ, ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಉಚಿತ, ಐದೂವರೆ ನಿಮಿಷದಲ್ಲಿ ಪೂರ್ತಿ.

ಆಟ ಮುಗಿದ ತಕ್ಷಣ ಹಾಸಿಗೆಗೆ ಹೋಗಬೇಡಿ, ನಿದ್ದೆ ಹತ್ತುವುದಿಲ್ಲ. ನಾನು ಅಡುಗೆಮನೆಯ ಲೈಟ್ ಹಾಕಿ, ಬೆಳಗಿನ ಪಲ್ಯಕ್ಕೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂರುತ್ತೇನೆ. ಅರ್ಧ ಕೆಜಿ ಮುಗಿಯುವಷ್ಟರಲ್ಲಿ ಎದೆಬಡಿತ ಇಳಿದಿರುತ್ತದೆ.