ಪೆಟ್ಟಿಗೆ ಮೇಲಿನ ಹೆಸರನ್ನು ನಂಬಬೇಡಿ: ಪಾಂಗ್ ಕಾಲದ ಮರೆತ ಕಂಪನಿಗಳನ್ನು ಹುಡುಕುವುದು ಹೇಗೆ

1972ರಲ್ಲಿ ಅಟಾರಿ ಕಂಪನಿಯ ಪಾಂಗ್, ಅಂದರೆ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಒಂದು ಬಾರ್‌ಗೆ ಬಂತು. ಮರುವರ್ಷ ಅಮೆರಿಕದ ತುಂಬ ಅದೇ ಆಟ. ಪ್ಯಾಡಲ್ ಬ್ಯಾಟಲ್, ವಾಲಿ, ವಿನ್ನರ್, ಟಿವಿ ಪಿಂಗ್ ಪಾಂಗ್, ಒಬ್ಬೊಬ್ಬರದು ಒಂದೊಂದು ಹೆಸರು. ಪರದೆ ಮೇಲೆ ನೋಡಿದರೆ ಎರಡು ಗೆರೆ, ಒಂದು ಚುಕ್ಕಿ, ಅಷ್ಟೇ. ಅಟಾರಿ ಕಥೆ ಎಲ್ಲರಿಗೂ ಗೊತ್ತು, ಬಿಡಿ. ನನಗೆ ಹುಚ್ಚು ಹಿಡಿಸಿದ್ದು ಉಳಿದವರು: ಫ್ಲಾರಿಡಾದ ಅಲೈಡ್ ಲೀಷರ್, ಅರಿಝೋನಾದ ಮಿರ್ಕೊ, ಸನ್ನಿವೇಲ್‌ನದೇ ರ‍್ಯಾಮ್‌ಟೆಕ್, ಮೆಡೋಸ್, ಆಮೇಲೆ ಶಾರ್ಕ್ ಬಾಯಿಯ ಆಕಾರದ ಫೈಬರ್ ಪೆಟ್ಟಿಗೆಯಲ್ಲಿ ಮ್ಯಾನೀಟರ್ ಎಂಬ ಆಟ ತಂದ ಪಿಎಸ್‌ಇ. ನಿಮಗೂ ಇಂಥ ಕಂಪನಿಯ ಜಾಡು ಹಿಡಿಯುವ ಆಸೆಯಿದ್ದರೆ ಎಲ್ಲರ ಬೆನ್ನು ಹತ್ತಬೇಡಿ. ಒಂದೇ ಕಂಪನಿ ಹಿಡಿದುಕೊಳ್ಳಿ. ಒಂದೇ ಯಂತ್ರ ಆದರೆ ಇನ್ನೂ ಒಳ್ಳೆಯದು.

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ. ಪೆಟ್ಟಿಗೆ ಮೇಲೆ ಯಾರ ಹೆಸರಿದೆ, ಒಳಗಿನ ಸರ್ಕ್ಯೂಟ್ ಬೋರ್ಡ್ ಯಾರು ಮಾಡಿದ್ದು, ದುಡ್ಡು ಹಾಕಿದ್ದು ಯಾರು. ಮೂರೂ ಒಬ್ಬರೇ ಆಗಿರುವುದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. 1973ರಲ್ಲಿ ಶುರುವಾದ ಕೀ ಗೇಮ್ಸ್ ನೋಡಿ. ಹೊರಗಿನವರಿಗೆ ಅದು ಅಟಾರಿಯ ಪ್ರತಿಸ್ಪರ್ಧಿ, ಒಳಗೆ ಅಟಾರಿಯದೇ ಕೂಸು. ಆಗ ಊರೂರಿನ ವಿತರಕರು ‘ನನಗೆ ಕೊಟ್ಟರೆ ಪಕ್ಕದವನಿಗೆ ಕೊಡಬೇಡ’ ಅನ್ನುತ್ತಿದ್ದರು. ಅದಕ್ಕೆ ಒಂದೇ ಮಾಲನ್ನು ಎರಡು ಹೆಸರಲ್ಲಿ ಇಬ್ಬರಿಗೂ ಮಾರುವ ಉಪಾಯ ಇದು. ಕೀ ಗೇಮ್ಸ್‌ನ ಎಲಿಮಿನೇಷನ್ ಮತ್ತು ಅಟಾರಿಯ ಕ್ವಾಡ್ರಾಪಾಂಗ್ ಒಂದೇ ಆಟ. ಮಿಡ್‌ವೇ ಕಂಪನಿಯ ವಿನ್ನರ್ ಮಾತ್ರ ಕದ್ದದ್ದಲ್ಲ, ಅಟಾರಿಯಿಂದ ಲೈಸೆನ್ಸ್ ಪಡೆದ ಪಾಂಗ್. ನಟ್ಟಿಂಗ್ ಎಂಬ ಹೆಸರು ಕಂಡರಂತೂ ಎರಡು ಸಲ ನೋಡಿ: 1971ರಲ್ಲಿ ಕಂಪ್ಯೂಟರ್ ಸ್ಪೇಸ್ ತಂದದ್ದು ಕ್ಯಾಲಿಫೋರ್ನಿಯಾದ ಬಿಲ್ ನಟ್ಟಿಂಗ್ ಕಂಪನಿ, ಮಿಡ್‌ವೇಗೆ ಗನ್ ಫೈಟ್ ಮಾಡಿಕೊಟ್ಟದ್ದು ಅವರ ತಮ್ಮ ಡೇವ್ ಕಂಪನಿ. ನಾನೂ ತುಂಬಾ ದಿನ ಇಬ್ಬರನ್ನೂ ಒಬ್ಬರೇ ಅಂದುಕೊಂಡಿದ್ದೆ.

ಮೊದಲು ಕೈಗೆ ಸಿಗುವುದು ಬಣ್ಣದ ಜಾಹೀರಾತು ಚೀಟಿ, ಅಂದರೆ ಫ್ಲೈಯರ್. ನೋಡಲು ಚೆಂದ, ಆದರೆ ಸಾಕ್ಷಿಯಾಗಿ ದುರ್ಬಲ. ಪ್ರದರ್ಶನಕ್ಕೆ ಒಂದೇ ಮಾದರಿ ಮಾಡಿ, ಫೋಟೋ ಹೊಡೆದು, ಆರ್ಡರ್ ಬಾರದಿದ್ದರೆ ಅಲ್ಲಿಗೇ ಬಿಟ್ಟವರಿದ್ದರು. ಚೀಟಿ ಇದೆ ಅಂದ ಮಾತ್ರಕ್ಕೆ ಯಂತ್ರ ಇತ್ತು ಅಂತಲ್ಲ. ಅದರಲ್ಲಿ ನಂಬಬಹುದಾದದ್ದು ಮೂಲೆಯಲ್ಲಿರುವ ವಿಳಾಸ. ಎರಡು ಕಂಪನಿಗಳ ಚೀಟಿಯಲ್ಲಿ ಒಂದೇ ರಸ್ತೆ, ಒಂದೇ ನಂಬರ್ ಕಂಡರೆ ಕುಳಿತು ಯೋಚಿಸಿ.

ಆಮೇಲೆ ವ್ಯಾಪಾರದ ಪತ್ರಿಕೆಗಳು. ಕ್ಯಾಶ್ ಬಾಕ್ಸ್ ವಾರಕ್ಕೊಮ್ಮೆ ಬರುತ್ತಿತ್ತು, ಅದರಲ್ಲಿ ನಾಣ್ಯ ಹಾಕುವ ಯಂತ್ರಗಳಿಗೇ ಒಂದು ವಿಭಾಗ. ಪ್ಲೇ ಮೀಟರ್, ರೀಪ್ಲೇ ಹುಟ್ಟಿದ್ದು 70ರ ದಶಕದ ನಡುವೆ. ಹಳೆ ಸಂಚಿಕೆಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಹುಡುಕುವಾಗ ‘ವಿಡಿಯೋ ಗೇಮ್’ ಅಂತ ಮಾತ್ರ ಹೊಡೆದರೆ ಅರ್ಧ ತಪ್ಪಿಹೋಗುತ್ತದೆ, ಆಗಿನವರು ಟಿವಿ ಗೇಮ್, ಟಿವಿ ಟೆನಿಸ್, ಪ್ಯಾಡಲ್ ಗೇಮ್ ಅಂತೆಲ್ಲ ಬರೆಯುತ್ತಿದ್ದರು. ಸ್ಕ್ಯಾನ್ ಅಕ್ಷರಗಳೂ ಕಲಸಿರುತ್ತವೆ. ಹಾಗಾಗಿ ಶಿಕಾಗೋದ ನಾಣ್ಯ ಯಂತ್ರಗಳ ವ್ಯಾಪಾರ ಪ್ರದರ್ಶನದ ಹೊತ್ತಿನ ಸಂಚಿಕೆಗಳನ್ನು ಸುಮ್ನೆ ಪುಟ ಪುಟ ತಿರುವಿ. ಕಣ್ಣು ಉರಿಯುತ್ತೆ, ಆದರೆ ಬೇರೆ ದಾರಿಯಿಲ್ಲ.

ನಿಜವಾದ ನಿಧಿ ಇರುವುದು ಕೋರ್ಟಿನಲ್ಲಿ. 1974ರ ಏಪ್ರಿಲ್‌ನಲ್ಲಿ ಮ್ಯಾಗ್ನಾವಾಕ್ಸ್ ಕಂಪನಿ, ಟಿವಿಯಲ್ಲಿ ಆಡುವ ಆಟ ಕಂಡುಹಿಡಿದ ಎಂಜಿನಿಯರ್ ರಾಲ್ಫ್ ಬೇರ್ ಅವರ ಕೆಲಸದಿಂದ ಹುಟ್ಟಿದ ಪೇಟೆಂಟ್‌ಗಳನ್ನು ಹಿಡಿದುಕೊಂಡು ಅಟಾರಿ ಮತ್ತು ಇತರ ಕಂಪನಿಗಳ ಮೇಲೆ ಶಿಕಾಗೋದಲ್ಲಿ ದಾವೆ ಹೂಡಿತು. ಅಟಾರಿ 1976ರಲ್ಲಿ ರಾಜಿ ಮಾಡಿಕೊಂಡಿತು, 1977ರ ಜನವರಿಯಲ್ಲಿ ತೀರ್ಪು ಮ್ಯಾಗ್ನಾವಾಕ್ಸ್ ಪರ ಬಂತು. ನಮಗೆ ತೀರ್ಪಿಗಿಂತ ಕಾಗದಪತ್ರ ಮುಖ್ಯ. ಎಷ್ಟು ಯಂತ್ರ ಮಾರಿದಿರಿ, ಬೋರ್ಡ್ ಎಲ್ಲಿಂದ ತಂದಿರಿ ಅಂತ ವಕೀಲರು ಪ್ರಮಾಣ ಮಾಡಿಸಿ ಕೇಳಿದಾಗ, ಜಾಹೀರಾತಿನಲ್ಲಿ ಕೊಚ್ಚಿಕೊಂಡ ಹಾಗೆ ಉತ್ತರ ಕೊಡಲು ಆಗುವುದಿಲ್ಲ ಅಲ್ವಾ? ಹೆಸರಿನ ಗಂಟು ಬಿಚ್ಚುವುದೂ ಇಲ್ಲೇ. ಪೆಟ್ಟಿಗೆ ಮೇಲೆ ಶಿಕಾಗೋ ಕಾಯಿನ್ ಅಂತಿದ್ದ ಕಂಪನಿ, ಕೋರ್ಟಿನ ಕಾಗದದಲ್ಲಿ ಶಿಕಾಗೋ ಡೈನಾಮಿಕ್ ಇಂಡಸ್ಟ್ರೀಸ್.

ಒಪ್ಪಂದಗಳನ್ನೂ ಬಿಡಬೇಡಿ. ಎಕ್ಸಿಡಿ ಕಂಪನಿ 1975ರಲ್ಲಿ ಡಿಸ್ಟ್ರಕ್ಷನ್ ಡರ್ಬಿ ಮಾಡಿ, ಅದರ ಲೈಸೆನ್ಸನ್ನು ಇದೇ ಶಿಕಾಗೋ ಕಾಯಿನ್‌ಗೆ ಕೊಟ್ಟಿತು. ಅವರು ಅದನ್ನು ಡೆಮಾಲಿಷನ್ ಡರ್ಬಿ ಅಂತ ಮಾರಿದರು. ಎಕ್ಸಿಡಿಗೆ ಬರಬೇಕಾದ ದುಡ್ಡು ಸರಿಯಾಗಿ ಬರಲಿಲ್ಲ, ತನ್ನದೇ ಆಟವನ್ನು ತಾನು ಮಾರುವ ಹಾಗೂ ಇಲ್ಲ. ಎಕ್ಸಿಡಿಯವರು ಎದುರು ಬರುವ ಕಾರುಗಳನ್ನು ತೆಗೆದು ಕಡ್ಡಿ ಮನುಷ್ಯರನ್ನು ಹಾಕಿದರು. ಅದೇ 1976ರ ಡೆತ್ ರೇಸ್. ಮನುಷ್ಯರ ಮೇಲೆ ಗಾಡಿ ಹತ್ತಿಸುವ ಆಟ ಅಂತ ಅಮೆರಿಕದ ಪತ್ರಿಕೆಗಳೆಲ್ಲ ಬೊಬ್ಬೆ ಹಾಕಿದವು, ಮಾರಾಟ ಇನ್ನೂ ಜಾಸ್ತಿ ಆಯಿತು.

ಬೋರ್ಡಿನ ಫೋಟೋ ಸಿಕ್ಕರೆ ಹಬ್ಬ. ಪಾಂಗ್‌ನಂಥ ಆಟದಲ್ಲಿ ಪ್ರೊಸೆಸರ್ ಇಲ್ಲ, ಪ್ರೋಗ್ರಾಂ ಇಲ್ಲ. ಬರೀ 7400 ಸರಣಿಯ ಚಿಪ್‌ಗಳು, ನಮ್ಮ ಡಿಪ್ಲೊಮಾ ಲ್ಯಾಬಿನಲ್ಲಿ ಕಾಲು ಮುರಿದು ಬೈಸಿಕೊಳ್ಳುತ್ತಿದ್ದೆವಲ್ಲ, ಅವೇ. ಚಿಪ್ ಬೆನ್ನ ಮೇಲೆ ನಾಲ್ಕು ಅಂಕಿಯ ತಾರೀಖಿರುತ್ತದೆ: ಮೊದಲೆರಡು ವರ್ಷ, ಉಳಿದೆರಡು ವಾರ. ನಾನು ಒಮ್ಮೆ 7427 ನೋಡಿ ‘1974ರ 27ನೇ ವಾರ’ ಅಂತ ಖುಷಿಯಿಂದ ಬರೆದುಕೊಂಡೆ. ಆಮೇಲೆ ನೋಡಿದರೆ ಅದು ಚಿಪ್ಪಿನದೇ ನಂಬರ್, ಮೂರು ಇನ್‌ಪುಟ್‌ನ ನಾರ್ ಗೇಟು! ತಾರೀಖೂ ನಂಬರೂ 74ರಿಂದಲೇ ಶುರುವಾಗುವ ಆ ಒಂದು ವರ್ಷದ ಚಿಪ್‌ಗಳಲ್ಲಿ ಈ ಗೋಜಲು ತಪ್ಪಿದ್ದಲ್ಲ. ಒಂದೇ ಚಿಪ್ ನೋಡದೆ ಇಡೀ ಬೋರ್ಡಿನ ತಾರೀಖು ಬರೆದುಕೊಳ್ಳಿ. ಬೋರ್ಡ್ ತಯಾರಾದದ್ದು ಅವುಗಳಲ್ಲಿ ಕೊನೆಯದಕ್ಕಿಂತ ಮುಂಚೆ ಅಲ್ಲ. ಒಂದೇ ಒಂದು ಚಿಪ್ ನಾಲ್ಕೈದು ವರ್ಷ ಈಚಿನದಾಗಿದ್ದರೆ ರಿಪೇರಿಯಲ್ಲಿ ಬದಲಾಯಿಸಿದ್ದು, ಬಿಟ್ಟುಬಿಡಿ.

ಆಗ ಕೆಲಸ ಮಾಡಿದವರು ಮಾತಿಗೆ ಸಿಕ್ಕರೆ ಅದು ಕಡೆಗೆ, ಮೇಲಿನ ಹುಡುಕಾಟವೆಲ್ಲ ಮುಗಿಸಿಯೇ ಹೋಗಿ. ಇಸವಿ ಕೇಳಬೇಡಿ, ಐವತ್ತು ವರ್ಷದ ಮೇಲೆ ಯಾರಿಗೆ ನೆನಪಿರುತ್ತೆ? ಪಕ್ಕದ ಮೇಜಿನಲ್ಲಿ ಯಾರು ಕೂರುತ್ತಿದ್ದರು, ಬೆಸುಗೆ ಹಾಕುತ್ತಿದ್ದದ್ದು ಯಾರು, ಪೆಟ್ಟಿಗೆ ಮಾಡುವ ಬಡಗಿ ಅಂಗಡಿ ಎಲ್ಲಿತ್ತು ಅಂತ ಕೇಳಿ. ಏಳುವ ಮುಂಚೆ, ಹಳೆ ವಿಸಿಟಿಂಗ್ ಕಾರ್ಡ್ ಏನಾದರೂ ಉಳಿದಿದೆಯಾ ಅಂತಲೂ ವಿಚಾರಿಸಿ. ಅದರ ಮೇಲಿನ ವಿಳಾಸವನ್ನು ಫ್ಲೈಯರ್ ಮೂಲೆಯ ವಿಳಾಸದ ಪಕ್ಕ ಇಟ್ಟು ನೋಡಿ.